ಅಕ್ತರಬೀಯ ಸುಮ್ಮನಿರದ ಎಡಗೈ

ಮೈಲೂರಿನ ಅಕ್ತರಬೀ ಬಳೆ ತೊಡಿಸುವುದನ್ನು ನೀವು ನೋಡಿಲ್ಲವೆಂದರೆ ಬೀದರಿಗೆ ಬಂದೂ ಬಾರದಂತೆಯೇ. ಕೋಟೆಯನ್ನು ಆಮೇಲೆ ನೋಡಿದರೂ ನಡೆದೀತು, ಅದೇನು ಓಡಿಹೋಗುವುದಿಲ್ಲ. ಉಳಿದ ಬಳೆಗಾರ್ತಿಯರು ಮದುಮಗಳ ಒಂದು ಕೈ ಹಿಡಿದು, ಹಿಂಡಿ, ಸಾಬೂನು ಸವರಿ, "ತಡಿಯವ್ವ, ಇನ್ನೊಂಚೂರು ತಡಿ" ಎಂದು ಅವಳನ್ನು ಅಳಿಸುತ್ತ ಒಂದೊಂದೇ ಬಳೆ ಏರಿಸುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಕೈಯ ಗೋಳು. ಅಕ್ತರಬೀಯದು ಹಾಗಲ್ಲ. ಮದುಮಗಳನ್ನು ಎದುರಿಗೆ ಕೂರಿಸಿಕೊಂಡು ಎರಡೂ ಕೈ ಚಾಚು ಎನ್ನುತ್ತಾಳೆ. ತನ್ನ ಬಲಗೈಯಲ್ಲಿ ಅವಳ ಎಡಗೈ, ತನ್ನ ಎಡಗೈಯಲ್ಲಿ ಅವಳ ಬಲಗೈ. ಈ ಹೆಬ್ಬೆರಳು ಒತ್ತಿದಾಗಲೇ ಆ ಹೆಬ್ಬೆರಳೂ ಒತ್ತುತ್ತದೆ, ಈ ಬೆರಳು ಉರುಳಿಸಿದಾಗಲೇ ಆ ಬೆರಳೂ ಉರುಳಿಸುತ್ತದೆ. ಹನ್ನೊಂದು ಇತ್ತ, ಹನ್ನೊಂದು ಅತ್ತ. ಹೆಂಗಸರು ಚಹಾದ ಬಟ್ಟಲು ಬಾಯಿಗಿಟ್ಟು ಇಳಿಸುವಷ್ಟರಲ್ಲಿ ಎರಡೂ ಮುಂಗೈ ಹಸಿರು.

ಹೀಗೆ ಒಮ್ಮೆಲೇ ಎರಡೂ ಕೈ ತುಂಬಿಸಿಕೊಂಡ ಹುಡುಗಿ ಗಂಡನ ಮನೆಯಲ್ಲಿ ಯಾವ ಜಗಳದಲ್ಲೂ ಸೋಲುವುದಿಲ್ಲ, ಗಂಡನೂ ಸೋಲುವುದಿಲ್ಲ, ಇಬ್ಬರದೂ ಸಮಸಮ ಆಗುತ್ತದೆ ಎಂದು ಬೀದರ, ಭಾಲ್ಕಿ, ಔರಾದದ ಹೆಂಗಸರು ನಂಬಿದ್ದಾರೆ. ಯಾರು ಹುಟ್ಟಿಸಿದ ಮಾತೋ ಗೊತ್ತಿಲ್ಲ. ಗಂಡಸರು ಮಾತ್ರ ಇದನ್ನು ಕೇಳಿದಾಗಲೆಲ್ಲ ಒಂದಿಷ್ಟು ಕೆಮ್ಮುತ್ತಾರೆ.

ಕಸುಬು ಬಂದದ್ದು ತಾಯಿ ಹಾಜಿರಾಬೀಯಿಂದ. ಆಯಮ್ಮ ಗತ್ತಿನ ಹೆಂಗಸು. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೇರಿಸಿ ಹೊರಟಳೆಂದರೆ ಧಾನ್ಯದ ಪೇಟೆಯಾದ ಗಾಂಧಿ ಗಂಜಿನ ಹಮಾಲರು ಕೈಗಾಡಿ ಪಕ್ಕಕ್ಕೆ ಸರಿಸಿ ದಾರಿ ಬಿಡಬೇಕು. ಆದರೆ ಆಕೆಯದೊಂದು ಖಾಯದೆ ಇತ್ತು. ಬಳೆ ಇಡುವಾಗ ಕೋಣೆಯಲ್ಲಿ ಮದುಮಗಳು ಮತ್ತು ತಾನು, ಇಬ್ಬರೇ, ಬಾಗಿಲು ಹಾಕಿರಬೇಕು. ಜೊತೆಗೆ ಹೋಗುತ್ತಿದ್ದ ಮಗಳು ಅಕ್ತರಬೀಯೂ ಹೊಸ್ತಿಲ ಹೊರಗೇ ಕೂತು ಮಲಾರ ಕಾಯಬೇಕು. "ಭಾಳ ಮರ್ಯಾದಿ ಹೆಣ್ಮಗಳು, ಪರದಾ ಪಾಲಸ್ತಾಳ" ಎಂದು ಜನ ಕೊಂಡಾಡುತ್ತಿದ್ದರು. ನಡೆಯುವಾಗಲೂ ಆಕೆಯ ಎಡಗೈ ಸೆರಗಿನ ಕೆಳಗೆ, ಸೊಂಟದಲ್ಲಿ ಸಿಕ್ಕಿಸಿಟ್ಟಂತೆ ಇರುತ್ತಿತ್ತು. ಅವಳ ಸೀರೆಗಳೆಲ್ಲ ಎಡಸೊಂಟದ ಹತ್ತಿರವೇ ಮೊದಲು ಪಿಸಿದು ಹರಿಯುತ್ತಿದ್ದವು.

ಮಗಳಿಗೆ ಕಸುಬು ಕಲಿಸಿದ್ದು ಬಾಯಿಮಾತಿನಲ್ಲೇ. "ಕೈ ನೋಡಬ್ಯಾಡ, ಮಾರಿ ನೋಡು. ನೋವು ಮೊದಲು ಹುಬ್ಬಿನಾಗ ಬರ್ತದ, ಆಮ್ಯಾಲ ಕೈಯಾಗ. ಹುಡುಗಿ ನಗಲತ್ತಿದ್ಲಂದ್ರ ಬಳಿ ತಾನೇ ಏರ್ತದ."

ಮಗಳ ಕೈಯೋ, ಹುಟ್ಟಾ ತುಂಟ ಕೈ. ಬಲಗೈ ಏನು ಮಾಡಿದರೂ ಎಡಗೈಗೂ ಅದೇ ಮಾಡಬೇಕು. ಸಾಲಿಯಲ್ಲಿ ಬಲಗೈ ಬರೆದರೆ ಎಡಗೈ ಗಾಳಿಯಲ್ಲಿ ಬರೆಯುತ್ತಿತ್ತು, ಅದೂ ತಿರುವುಮುರುವಾಗಿ. ಮಾಸ್ತರರು ತಮ್ಮನ್ನು ಅಣಕಿಸುತ್ತಿದ್ದಾಳೆಂದು ಆ ಕೈಗೆ ಬೆತ್ತದಿಂದ ಹೊಡೆದರು. ನೋವಿಗೆ ಎರಡೂ ಕೈ ಒಟ್ಟಿಗೇ ಜಾಡಿಸಿದ್ದು ನೋಡಿ ಇನ್ನೆರಡು ಕೊಟ್ಟರು. ಮನೆಯಲ್ಲಿ ಎಡಗೈಯಲ್ಲಿ ಪಿಂಗಾಣಿ ಬಸಿ ಹಿಡಿದು ಬಲಗೈಯಿಂದ ಯಾರಿಗಾದರೂ ಲೋಟ ಕೊಟ್ಟಳೋ, ಬಲಗೈ ಬಿಟ್ಟ ಕ್ಷಣವೇ ಎಡಗೈಯೂ ಬಿಟ್ಟು ಬಸಿ ಫಳ್! ಆದರೆ ಹಾಜಿರಾಬೀ ಒಂದು ದಿನವಾದರೂ ಮಗಳನ್ನು ಗದರಿದವಳಲ್ಲ. ಚೂರು ಆರಿಸುತ್ತ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ದರ್ಗಾಕ್ಕ ಹೋಗಿ ಮನ್ನತ್ ಕಟ್ಟಿದ್ದೆ ನಾನು. ಎರಡೂ ಬಲಗೈ ಇರೋ ಮಗಳು ಕೊಡು ಅಂತ ಬೇಡಿದ್ದೆ. ಕೊಟ್ಟಾನ! ಸಂಭಾಳಸೂದು ನನ್ನ ಕೆಲಸ."

ಓಣಿ ನಂಬಿತು. ಅಕ್ತರಬೀಯೂ ನಂಬಿದಳು. ಹದಿನೆಂಟು ತುಂಬಿದಾಗ ತಾಯಿ ಅವಳನ್ನು ಔರಾದದ ಸುಂದರಬಾಯಿಯ ಮನೆಗೆ ಕರೆದೊಯ್ದು, ಆ ಮನೆಗೆ ಸೊಸೆಯಾಗಿ ಬರಲಿದ್ದ ಸುಜಾತಾಳ ಎದುರು ಕೂರಿಸಿದಳು. ಕೋಣೆಯಲ್ಲಲ್ಲ, ನಡುಪಡಸಾಲೆಯಲ್ಲಿ, ನೂರು ಕಣ್ಣಿನ ಎದುರು. "ಇಡು, ಎರಡೂ ಕೈಗೆ ಒಮ್ಮೆಲೇ ಇಡು" ಎಂದಳು. ಅವತ್ತಿನಿಂದ ಅಕ್ತರಬೀಗೆ ಹೆಸರು ಬಂತು. ತಾಯಿ ಮಲಾರ ಮಗಳ ಹೆಗಲಿಗೆ ಹಾಕಿ ಮನೆಯಲ್ಲಿ ಕೂತಳು.

ಮದುವೆಯೂ ಆ ಕೈಯಿಂದಲೇ ಆಯಿತು. ಗಂಜಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಅಬ್ದುಲ ಅಜೀಜ ನೋಡಲು ಬಂದಿದ್ದ. ಅಕ್ತರಬೀ ಎಡಗೈಯಲ್ಲಿ ತಟ್ಟೆ ಹಿಡಿದು ಬಲಗೈಯಿಂದ ಅವನ ತಾಯಿಗೆ ಚಹಾ ಕೊಟ್ಟಳು. ಮುಂದಿನದು ಹೇಳಬೇಕೇ? ತಟ್ಟೆಯ ತುಂಬ ಇದ್ದ ಆರೂ ಕಪ್ಪು ನೆಲ ಮುಟ್ಟಿದವು. ಅಜೀಜ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ತಾಯಿ ಗುರ್ರೆಂದಷ್ಟೂ ನಕ್ಕ. ಹಾಗೆ ನಗುವ ಗಂಡನನ್ನು ಬಿಡಬಾರದೆಂದು ಅಕ್ತರಬೀ ಅಲ್ಲೇ ನಿಶ್ಚಯ ಮಾಡಿದಳು. ಅವರ ಮನೆಯಲ್ಲಿ ಇಂದಿಗೂ ಇರುವುದು ಸ್ಟೀಲಿನ ಲೋಟಗಳೇ. ಗಾಜು ಏನಿದ್ದರೂ ಬಳೆಯಲ್ಲಿ ಮಾತ್ರ.

ಹೀಗೆ ನಗುನಗುತ್ತ ಅಕ್ತರಬೀಗೆ ನಲವತ್ನಾಲ್ಕು ತುಂಬಿತು. ಹಾಜಿರಾಬೀ ತೀರಿಕೊಂಡು ಎಂಟು ವರ್ಷ. ಇನ್ನು ಈ ಸ್ಕೂಟಿಯ ಪ್ರಕರಣ.

ಮಗಳು ಸಾನಿಯಾ ಕಾಲೇಜಿನ ಕೊನೆಯ ವರ್ಷದವಳು. ಅವಳಿಗೊಂದು ಹಟ ಹತ್ತಿತು: "ಅಮ್ಮಿ, ನೀ ಎಷ್ಟು ದಿನ ಬಸ್ಸಿನ್ಯಾಗ ಮಲಾರ ಹೊತ್ತು ತಿರಗ್ತಿ? ಸ್ಕೂಟಿ ಕಲಿ." ಭಾನುವಾರ ಗಂಜು ಖಾಲಿ ಇರುತ್ತದೆಂದು ಅಲ್ಲಿಗೇ ಕರೆದೊಯ್ದಳು. ಅಕ್ತರಬೀ ಬಿಸ್ಮಿಲ್ಲಾ ಎಂದು ಕೂತು ಬಲಗೈಯಿಂದ ಗಾಡಿಯ ಕಿವಿ ತಿರುವಿದಳು. ಎಡಗೈ ಸುಮ್ಮನಿದ್ದೀತೆ? ಅದೂ ಬಿಗಿಯಿತು, ಬಿಗಿದಲ್ಲಿ ಬ್ರೇಕು ಸಿಕ್ಕಿತು. ಗಾಡಿ ಜಿಗಿಯಿತು, ನಿಂತಿತು. ಮತ್ತೆ ಜಿಗಿಯಿತು, ಮತ್ತೆ ನಿಂತಿತು. ಗಂಜಿನ ಈ ತುದಿಯಿಂದ ಆ ತುದಿಯವರೆಗೆ ಕಪ್ಪೆಯ ಹಾಗೆ ಹೋದಳು. "ಅಮ್ಮಿ, ಎಡಗೈ ಬಿಡು!" ಎಂದು ಸಾನಿಯಾ ಹಿಂದಿನಿಂದ ಓಡುತ್ತ ಕೂಗಿದಳು. ಎಡಗೈ ಬಿಡಲು ಹೋಗಿ ಎರಡೂ ಬಿಟ್ಟಳು ಪುಣ್ಯಾತ್ಗಿತ್ತಿ! ಗಾಡಿ ಸೀದಾ ತೊಗರಿ ಚೀಲದ ಒಟ್ಟಿಲಿಗೆ ನುಗ್ಗಿತು.

ಚೀಲದ ಮೇಲೆ ಇಸ್ಪೀಟು ಆಡುತ್ತಿದ್ದ ಹಮಾಲರು ಎದ್ದು ಬಿದ್ದು ಓಡಿಬಂದು ಎತ್ತಿದರು. ಅಕ್ತರಬೀಯ ಕೂದಲ ತುಂಬ ತೊಗರಿ, ಹಣೆಯ ಮೇಲೆ ನಿಂಬೆಯಷ್ಟು ಬೋರೆ, ಮುಖದ ಮೇಲೆ ತಡೆಯಲಾರದ ನಗು. "ಸಾನಿಯಾ, ಇನ್ನೊಮ್ಮಿ ಹೊಡೀಲೇನ?" ಎಂದಳು. ಸಾನಿಯಾ ಅಳುತ್ತ ಅವಳನ್ನು ಆಟೋಕ್ಕೆ ಹಾಕಿಕೊಂಡು ದವಾಖಾನೆಗೆ ಹೋದಳು.

ದವಾಖಾನೆಯ ಡಾಕ್ಟರಮ್ಮ ಅಂಬರೀನ ಎಂಬುವವರು ಬೋರೆ ನೋಡಿ, ಕಣ್ಣಿಗೆ ಬ್ಯಾಟರಿ ಬಿಟ್ಟು, "ಬಲಗೈಯ ಹೆಬ್ಬೆರಳಿಂದ ಒಂದೊಂದೇ ಬೆರಳು ಮುಟ್ರಿ" ಎಂದರು. ಅಕ್ತರಬೀ ಮುಟ್ಟಿದಳು.

"ಬರೇ ಬಲಗೈ, ಅಮ್ಮಾ."

"ಬರೇ ಬಲಗೈನೇ ಮಾಡ್ಲತ್ತೀನಿರಿ. ಎಡಗೈ ತಂದು ತಾ ಮಾಡ್ಲತ್ತದ."

ಡಾಕ್ಟರಮ್ಮ ಬ್ಯಾಟರಿ ಕೆಳಗಿಟ್ಟರು. ಎಡಗೈಯನ್ನು ದಿಂಬಿನ ಕೆಳಗೆ ಹಾಕಿಸಿ ನೋಡಿದರು, ದಿಂಬು ಕುಣಿಯಿತು. ಎರಡನೇ ಡಾಕ್ಟರನ್ನು ಕರೆದರು, ಮೂರನೆಯವರನ್ನು ಕರೆದರು. ಆಮೇಲೆ ಆ ಗಡಗಡ ಸದ್ದಿನ ಮಷೀನಿನೊಳಗೆ ಮಲಗಿಸಿ ತಲೆಯ ಫೋಟೋ ತೆಗೆಸಿದರು.

ಮರುದಿನ ಗಂಡ-ಹೆಂಡತಿ-ಮಗಳು ಮೂವರನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಫೋಟೋ ಬೆಳಕಿಗೆ ಹಿಡಿದರು. "ನೋಡ್ರಿ, ಎಲ್ಲರ ಮಿದುಳಿನ್ಯಾಗೂ ಎರಡು ಹೋಳು ಇರ್ತಾವ. ನಡುವ ಇಲ್ಲಿ ಅವೆರಡಕ್ಕೂ ಜೋಡಸೋ ಒಂದು ದಪ್ಪ ನರದ ಪುಲ್ ಇರ್ತದ, ಸೇತುವಿ ಇದ್ದಂಗ. ನಿಮಗ ಅದು ಇಲ್ಲ. ತಾಯಿ ಹೊಟ್ಟಿಯೊಳಗೇ ಬೆಳದಿಲ್ಲ. ಜೊತಿಗಿ, ಮಿದುಳಿಂದ ಕೈಗಿ ಇಳಿಯೋ ನರಾನೂ ಬ್ಯಾರೆ ಥರಾ ಹೋಗ್ಯಾವ. ಬಲಗೈಗಿ ಕೊಟ್ಟ ಹುಕುಂ ಎಡಗೈಗೂ ಕೇಳಸ್ತದ, ಅಷ್ಟೇ."

ಮೂವರೂ ಬಗ್ಗಿ ಫೋಟೋ ನೋಡಿದರು. ಆಮೇಲೆ ಅಜೀಜ ಗಂಭೀರವಾಗಿ ಕೇಳಿದ: "ಡಾಕ್ಟರಮ್ಮ, ಪುಲ್ ಇಲ್ದೇನೇ ಇಕಿ ಇಪ್ಪತ್ತೈದು ವರ್ಷ ನನ್ನ ಜೋಡಿ ಜಗಳಾ ಆಡಿ ಗೆದ್ದಾಳ. ಪುಲ್ ಇದ್ದಿದ್ರ ನನ್ನ ಗತಿ ಏನಾಗ್ತಿತ್ತು?"

ಡಾಕ್ಟರಮ್ಮ ನಕ್ಕರು. ದವಾ ಬೇಡ, ಆಪರೇಷನ್ ಬೇಡ, ಇಷ್ಟು ವರ್ಷ ಹೇಗಿದ್ದರೋ ಹಾಗೇ ಇರಿ, ಸ್ಕೂಟಿ ಒಂದು ಬಿಟ್ಟುಬಿಡಿ ಎಂದರು. ಕೊನೆಗೆ, "ಇದು ಕೆಲವು ಮನೆತನದಾಗ ಬರ್ತದ. ನಿಮ್ಮ ತಂದಿ-ತಾಯಿಗಿ ಯಾರಿಗರ ಹಿಂಗ ಇತ್ತೇನು?" ಎಂದು ಕೇಳಿದರು.

"ಇಲ್ಲರಿ. ನಮ್ಮಮ್ಮ ಮನ್ನತ್ ಕಟ್ಟಿ..." ಎಂದು ಶುರು ಮಾಡಿದ ಅಕ್ತರಬೀ ಅರ್ಧಕ್ಕೇ ನಿಂತಳು.

ಅಲ್ಲೇ ಅವಳ ನಗು ಆರಿಹೋಯಿತು. ಮನ್ನತ್ ಎಲ್ಲಿಂದ ಬಂತು? ಇದು ವರವಲ್ಲ, ಹುಟ್ಟಿದಾಗಿನ ಖೋಡಿ. ಎಲ್ಲರ ತಲೆಯಲ್ಲೂ ಇರುವುದೊಂದು ತನ್ನ ತಲೆಯಲ್ಲಿ ಇಲ್ಲ. ನೂರಾರು ಮದುಮಕ್ಕಳ ಕೈಗೆ ವರ ಎಂದು ಇಟ್ಟದ್ದು ಈ ಖೋಡಿಯನ್ನು. ಅವಳಿಗೆ ನಾಚಿಕೆಯಾಯಿತು, ತಾಯಿಯ ಮೇಲೆ ಸಿಟ್ಟೂ ಬಂತು.

ಸುದ್ದಿಗೇನು, ಅದಕ್ಕೆ ಬ್ರೇಕೂ ಇಲ್ಲ ಕ್ಲಚ್ಚೂ ಇಲ್ಲ. ಸಾನಿಯಾ ಅಮ್ಮಿಯ ತಲೆಯ ಫೋಟೋವನ್ನು ಹೆಮ್ಮೆಯಿಂದ ಗೆಳತಿಯರ ಗ್ರೂಪಿಗೆ ಹಾಕಿದಳು. ಮೈಲೂರು ದಾಟುವಷ್ಟರಲ್ಲಿ "ಪುಲ್ ಇಲ್ಲ" ಎಂಬುದು "ಅರ್ಧ ಮಿದುಳಿಲ್ಲ" ಆಯಿತು. ಕಮಠಾಣ ಮುಟ್ಟುವಷ್ಟರಲ್ಲಿ "ತಲಿ ಪೂರಾ ಖಾಲಿ ಅದ ಅಂತ, ಬಡದ್ರ ಢಣ್ ಅಂತದ ಅಂತ" ಆಯಿತು.

ಅದನ್ನು ಕೇಳಿ ಅಜೀಜ ಹೆಂಡತಿಯ ತಲೆಗೆ ಕಿವಿ ಹಚ್ಚಿ ಎರಡು ಸಲ ಬೆರಳಿನಿಂದ ತಟ್ಟಿ ನೋಡಿದ. "ಟ್ಯೂಬು ಸಾಬೂತ್ ಅದ, ಹವಾ ಎಲ್ಲೂ ಹೋಗಲತ್ತಿಲ್ಲ" ಎಂದ. ಅಕ್ತರಬೀ ನಗಲಿಲ್ಲ.

ಆ ವಾರ ಭಾಲ್ಕಿಯಲ್ಲಿ ಒಂದು ಮದುವೆ. ಅಕ್ತರಬೀ ಕೂತಳು, ಮದುಮಗಳ ಎರಡೂ ಕೈ ಹಿಡಿದಳು, ಮೊದಲ ಜೋಡಿ ಏರಿಸಿದಳು. ಎರಡನೇ ಜೋಡಿಯ ಹೊತ್ತಿಗೆ ಒಂದು ಯೋಚನೆ ಬಂತು: ಬಲಗೈಯನ್ನು ನಡೆಸುವವಳು ನಾನು; ಈ ಎಡಗೈಯನ್ನು ನಡೆಸುತ್ತಿರುವವರು ಯಾರು? ಬಗ್ಗಿ ಎಡಗೈ ನೋಡಿದಳು. ಎಡಗೈ ನೋಡಿದರೆ ಬಲಗೈ ತಪ್ಪಿತು, ಬಲಗೈ ನೋಡಿದರೆ ಎಡಗೈ ತಪ್ಪಿತು. ಚಟ್! ಚಟ್! ಚಟ್! ಬಳೆ ಒಡೆಯಿತು ಎಂದು ನಮ್ಮ ಕಡೆ ಹೇಳುವುದಿಲ್ಲ, ಕೆಟ್ಟದ್ದೆಂದು "ಬಳಿ ಹೆಚ್ಚಿದವು" ಎನ್ನುತ್ತಾರೆ. ಆವತ್ತು ಮೂರು ಹೆಚ್ಚಿದವು. ಮದುಮಗಳು ಅತ್ತಳು, ಅವಳ ಅಜ್ಜಿ ಎದ್ದು ಒಳಗೆ ಹೋದಳು.

ಒಂದೇ ಕೈಗೆ ಒಂದೊಂದಾಗಿ, ಎಲ್ಲರಂತೆ ಇಡಬಹುದಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ಪೇಚು! ಎಲ್ಲರಂತೆ ಇಡಬೇಕಾದರೆ ಒಂದು ಕೈ ಹಿಂಡಬೇಕು, ಇನ್ನೊಂದು ಕೈ ದೂಡಬೇಕು. ಅವಳದು ಹಿಂಡಿದರೆ ಎರಡೂ ಹಿಂಡುತ್ತವೆ, ದೂಡಿದರೆ ಎರಡೂ ದೂಡುತ್ತವೆ. ಇಟ್ಟರೆ ಜೋಡಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಮನೆಗೆ ಬಂದು ಎಡಗೈಯನ್ನು ದುಪ್ಪಟ್ಟಾದಿಂದ ಮಂಚಕ್ಕೆ ಕಟ್ಟಿಕೊಂಡು, ಬಲಗೈಯಿಂದ ಸಾನಿಯಾಳಿಗೆ ಬಳೆ ಇಡಲು ನೋಡಿದಳು. ಮಂಚ ಅಲುಗಾಡಿತೇ ಹೊರತು ಬಳೆ ಏರಲಿಲ್ಲ. ಅಜೀಜ ಹಳೇ ಟ್ಯೂಬಿನಿಂದ ಕಟ್ಟಿ ನೋಡೋಣವೇ ಎಂದ. ಅಕ್ತರಬೀ ಎರಡೂ ಕೈಯಿಂದ ಅವನ ಮೇಲೆ ಎರಡು ದಿಂಬು ಎಸೆದಳು.

ಮಲಾರ ಗೂಟಕ್ಕೆ ಹೋಯಿತು. ಮದುವೆಯ ಹಂಗಾಮಿನ ನಡುವೆ ಅಕ್ತರಬೀ ಕೈ ಎರಡನ್ನೂ ಮಡಿಲಲ್ಲಿಟ್ಟು ಕೂತಳು. ಇಪ್ಪತ್ತಾರು ವರ್ಷದಲ್ಲಿ ಹಾಗೆ ಕೂತವಳಲ್ಲ.

ಹತ್ತು ದಿನಕ್ಕೆ ಔರಾದದಿಂದ ಫೋನು. ಸುಂದರಬಾಯಿಯ ದನಿ ಗೊತ್ತಲ್ಲ, ಗುಡ್ಡದ ಆಚೆಯ ಕುರಿ ಕರೆದು ರೂಢಿಯಾದ ದನಿ. ಫೋನು ಕಿವಿಯಿಂದ ಮೊಳ ದೂರ ಹಿಡಿಯಬೇಕು. "ಅಕ್ತರಬೀ! ಕಾಜಲಂದು ಲಗ್ನ ಗೊತ್ತಾಗ್ಯಾದ! ಬರೂ ಸೋಮವಾರ ಬಳಿ ಇಡಸಬೇಕು, ಬಾ!"

ಕಾಜಲ ಅಂದರೆ ಸುಂದರಬಾಯಿಯ ಮೊಮ್ಮಗಳು, ಅಕ್ತರಬೀ ಮೊಟ್ಟಮೊದಲು ಬಳೆ ಇಟ್ಟ ಆ ಸುಜಾತಾಳ ಮಗಳು. ಸುಂದರಬಾಯಿಗೆ ಹಾಜಿರಾಬೀ ಇಟ್ಟಿದ್ದಳು, ಸುಜಾತಾಳಿಗೆ ಅಕ್ತರಬೀ. ಈಗ ಮೂರನೇ ತಲೆ.

"ನನ್ನ ಕೈಲಿಂದ ಆಗೂದಿಲ್ಲ ಬಾಯಿ. ನನ್ನ ತಲಿಯಾಗ..."

"ಕೇಳೀನಿ, ಕೇಳೀನಿ! ಖಾಲಿ ಅದ ಅಂತಲ್ಲ? ತುಂಬಿದ ತಲಿಯವರು ಭಾಳ ಮಂದಿ ಬರೂರು ಅದಾರ ಲಗ್ನಕ್ಕ. ನೀ ಬಾ!" ಫೋನು ಕಟ್ಟಾಯಿತು.

ಹೋಗದಿದ್ದರೆ ಕಸುಬು ಇಲ್ಲಿಗೇ ಮುಗಿಯಿತು. ಹೋಗಿ ಆ ಮನೆಯಲ್ಲಿ ಒಂದು ಬಳೆ ಹೆಚ್ಚಿದರೂ ಮುಗಿಯಿತು, ಮೇಲೆ ಕಾಜಲಳ ಕಣ್ಣೀರು ಬೇರೆ. ಸೋಮವಾರ ಬೆಳಿಗ್ಗೆ ಸಾನಿಯಾ ಅಮ್ಮಿಯನ್ನೂ ಮಲಾರವನ್ನೂ ಸ್ಕೂಟಿಯ ಹಿಂದೆ ಹೇರಿಕೊಂಡು ಹೊರಟಳು. ದಾರಿಯಲ್ಲಿ ಮಾಂಜ್ರಾ ಹೊಳೆಯ ಸೇತುವೆಯ ಮೇಲೆ ಬಂದಾಗ ಅಕ್ತರಬೀ ಗಾಡಿ ನಿಲ್ಲಿಸಿದಳು. ಇಳಿದು ಈ ದಂಡೆ ನೋಡಿದಳು, ಆ ದಂಡೆ ನೋಡಿದಳು.

"ಎಷ್ಟು ದೊಡ್ಡ ಪುಲ್ ನೋಡು" ಎಂದಳು. "ಇಂಥದ್ದೊಂದು ಇಲ್ದೇ ಇಷ್ಟು ದಿನ ಹ್ಯಾಂಗ ನಡಸಿದೆ ನಾನು?"

"ಈಜಿ ದಾಟಿದಿ, ಅಮ್ಮಿ. ಗಾಡಿ ಹತ್ತು, ಹೊತ್ತಾತು" ಎಂದಳು ಸಾನಿಯಾ.

ಸುಂದರಬಾಯಿಯ ಮನೆಯ ಮುಂದೆ ಕುರಿಗಳನ್ನು ಹಿತ್ತಿಲಿಗೆ ಅಟ್ಟಿ ಚಪ್ಪರ ಹಾಕಿದ್ದರು. ಅವಳ ಗಂಡ ವೈಜಿನಾಥ, ಎಪ್ಪತ್ತು ದಾಟಿದ ಮುದುಕ, ಚಪ್ಪರದ ಕೆಳಗೆ ಕೂತು ಬಂದವರಿಗೆಲ್ಲ ಎಲೆ ಅಡಿಕೆ ಕೊಡುತ್ತಿದ್ದ. ಪಡಸಾಲೆಯ ತುಂಬ ಹೆಂಗಸರು. ಅಕ್ತರಬೀ ಒಳಗೆ ಕಾಲಿಟ್ಟದ್ದೇ ತಡ, ಎಲ್ಲರ ಕಣ್ಣೂ ಅವಳ ತಲೆಯ ಮೇಲೆ. ಒಳಗೆ ಏನಿದೆ ಏನಿಲ್ಲ ಎಂದು ಹೊರಗಿನಿಂದಲೇ ಕಾಣಿಸುತ್ತದೋ ಎನ್ನುವಂತೆ ನೋಡಿದರು. ಒಬ್ಬಾಕೆಯಂತೂ ಪಕ್ಕಕ್ಕೆ ಬಗ್ಗಿ ಕಿವಿಯ ತೂತಿನಲ್ಲೇ ಇಣುಕಿದಳು.

ಕಾಜಲ ಮಣೆಯ ಮೇಲೆ ಕೂತಿದ್ದಳು. ಅಕ್ತರಬೀ ಹಸಿರು ಬಳೆ ಬಿಡಿಸಿದಳು, ಅಳತೆ ನೋಡಿದಳು, ಎರಡು-ನಾಲ್ಕು. ಕೈ ಹಿಡಿದಳು. ಹುಡುಗಿಯ ಕೈ ಬಿದಿರಿನ ಹಾಗೆ ಬಿರುಸು. ಭಾಲ್ಕಿಯ ಸುದ್ದಿ ಅವಳಿಗೂ ಗೊತ್ತು. ಅಕ್ತರಬೀಯ ಕಣ್ಣು ತನ್ನಿಂದ ತಾನೇ ಎಡಗೈಗೆ ಹೋಯಿತು. ಎಡಗೈ ತಡೆಯಿತು, ಬಲಗೈಯೂ ತಡೆಯಿತು. ಬಳೆಗಳು ಬೆರಳಗಂಟಿನ ಹತ್ತಿರ ಬಂದು ಸಿಕ್ಕಿಕೊಂಡವು. ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಚಟ್ ಎನ್ನುತ್ತಿದ್ದವು.

ಅವಳು ಎರಡೂ ಬಳೆ ಹಿಂದಕ್ಕೆ ತೆಗೆದಳು. "ಬಾಯಿ, ಬ್ಯಾರೆಯವರಿಗಿ ಕರಸ್ರಿ" ಎಂದಳು. "ಇದು ಮನ್ನತ್ತಿನ ಕೈ ಅಲ್ಲ. ಖೋಡಿ ಕೈ. ನಮ್ಮಮ್ಮ ಸುಳ್ಳು ಹೇಳಿದ್ಳು."

"ಹೌದು, ಸುಳ್ಳೇ ಹೇಳಿದ್ಳು" ಎಂದಳು ಸುಂದರಬಾಯಿ. ಪಡಸಾಲೆಗೆ ಪಡಸಾಲೆಯೇ ಬೆಚ್ಚಿತು. ಮುದುಕಿ ಮೊಣಕಾಲು ಹಿಡಿದುಕೊಂಡು ಬಂದು ಅಕ್ತರಬೀಯ ಎದುರು ಕೂತಳು. "ಐವತ್ತು ವರ್ಷ ಆತು, ನಿಮ್ಮವ್ವಗ ಆಣಿ ಕೊಟ್ಟು. ಅಕಿ ಹೋಗಿ ಎಂಟು ವರ್ಷ ಆತು, ಇನ್ನ ಹೇಳಿದ್ರ ನಡೀತದ. ನನ್ನ ಲಗ್ನದಾಗ ಅಕಿ ನನಗ ಕ್ವಾಣ್ಯಾಗ ಕರಕೊಂಡು ಹೋಗಿ ಬಾಗಲಾ ಹಾಕಿದ್ಳು. ಕಣ್ಣು ಮುಚ್ಚು ಅಂದ್ಳು. ನಾ ಏನು ಮುಚ್ಚೂಕಿ! ಸಂದಿಲಿಂದ ನೋಡಿದೆ. ಎರಡೂ ಕೈಗಿ ಒಮ್ಮೆಲೇ ಇಡ್ಲತ್ತಿದ್ಳು, ನಿನ್ನಂಗೇ, ಬರಾಬರ್ ನಿನ್ನಂಗೇ! ಅಕಿ ಎಡಗೈನೂ ಸುಮ್ಮ ಕುಂದ್ರತಿರಲಿಲ್ಲ. ನಾ ನೋಡಿದ್ದು ಅಕಿಗಿ ಗೊತ್ತಾಗಿ ಅತ್ತು, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ಳು. ದೆವ್ವದ ಕೈ ಅಂತಾರ, ಯಾರೂ ಕರೆಯೂದಿಲ್ಲ ಅಂದ್ಳು."

ಅಕ್ತರಬೀಗೆ ಒಂದೊಂದೇ ನೆನಪಾಯಿತು. ಹಾಕಿದ ಬಾಗಿಲು. ಸೆರಗಿನ ಕೆಳಗಿನ ಕೈ. ಎಡಸೊಂಟದ ಹತ್ತಿರ ಪಿಸಿದ ಸೀರೆಗಳು! ಅಲ್ಲಿ ಆ ಕೈ ದಿನವಿಡೀ ಬಟ್ಟೆ ಹಿಂಡುತ್ತ, ಬಿಡುತ್ತ, ಹಿಂಡುತ್ತ ಇತ್ತು. ತಾನು ಬಸಿ ಒಡೆದಾಗ ಆಯಮ್ಮ ಒಂದೇ ಒಂದು ಸಲವೂ ಗದರಲಿಲ್ಲ. ಹೇಗೆ ಗದರುತ್ತಾಳೆ?

"ನೀ ಹುಟ್ಟಿದ ಮ್ಯಾಲ ಬಂದಿದ್ಳು ನನ್ನ ಹಂತ್ಯಾಕ" ಎಂದಳು ಸುಂದರಬಾಯಿ. "ಬಾಯಿ, ಕೂಸಿಗೂ ಬಂದದ, ಏನು ಮಾಡ್ಲಿ ಅಂದ್ಳು. ಮುಂದ ತಾನೇ ಅಂದ್ಳು, ನಾ ಮುಚ್ಚಿದೆ, ಇಕಿದು ಮುಚ್ಚೂದಿಲ್ಲ. ಊರಿಗೆಲ್ಲಾ ಮನ್ನತ್ತಿಲಿಂದ ಬಂದದ ಅಂತೇನಿ, ಯಾರು ದೆವ್ವ ಅಂತಾರ ನೋಡ್ತೇನಿ ಅಂದ್ಳು. ಅಷ್ಟೇ ನೋಡು ಅಕಿ ಹೇಳಿದ ಸುಳ್ಳು."

ಅಕ್ತರಬೀಗೆ ಅಳು ಬಂತು, ಅದರ ಬೆನ್ನ ಮೇಲೇ ನಗು ಬಂತು. ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆಯಾಯಿತು. ಗಂಜಿನಲ್ಲಿ ಹಮಾಲರಿಂದ ದಾರಿ ಬಿಡಿಸಿಕೊಂಡು ನಡೆದ ಆ ಗತ್ತಿನ ಹಾಜಿರಾಬೀ, ಒಳಗೆ ಎಷ್ಟು ಹೆದರಿಕೊಂಡಿದ್ದಳು! ಕಣ್ಣು ಒರೆಸಿಕೊಳ್ಳಲು ಬಲಗೈ ಎತ್ತಿದರೆ ಎಡಗೈಯೂ ಬಂದು ಇನ್ನೊಂದು ಕಣ್ಣು ಒರೆಸಿತು. ಅದನ್ನು ನೋಡಿ ಕಾಜಲ ಕಿಸಕ್ಕೆಂದಳು.

"ಯಾಕ ನಗ್ತಿ?" ಎಂದಳು ಅಕ್ತರಬೀ.

"ಮೂಗಿನ್ಯಾಗ ಬೆರಳು ಹಾಕಿದ್ರ ಏನು ಮಾಡ್ತೀರಿ ಮೌಸಿ?" ಎಂದುಬಿಟ್ಟಳು ಆ ಹುಡುಗಿ.

"ಏನು ಮಾಡ್ಲಿ, ಉಸರು ಬಂದ್ ಆಗ್ತದ, ಬಾಯಿ ತಗದು ಕುಂದ್ರತೇನಿ!"

ಪಡಸಾಲೆ ಹೋ ಎಂದಿತು. ರೊಟ್ಟಿ ಹೇಗೆ ಬಡಿಯುತ್ತೀರಿ, ಮೊಬೈಲು ಹೇಗೆ ಒತ್ತುತ್ತೀರಿ, ಗಂಡನಿಗೆ ಹೇಗೆ ಬಡಿಯುತ್ತೀರಿ ಎಂದು ನಾಲ್ಕೂ ಕಡೆಯಿಂದ ಪ್ರಶ್ನೆ ಬಂದವು. ಅಕ್ತರಬೀ ಒಂದೊಂದಕ್ಕೂ ಉತ್ತರ ಕೊಟ್ಟಳು. ಸ್ಕೂಟಿಯ ಕತೆ ಶುರು ಮಾಡಿದಳು. ಕಪ್ಪೆಯ ಹಾಗೆ ಜಿಗಿದದ್ದು, ಹಮಾಲರ ಇಸ್ಪೀಟು ಹಾರಿದ್ದು, ಕೂದಲಿನಲ್ಲಿ ತೊಗರಿ ಸಿಕ್ಕದ್ದು. ಹೇಳುತ್ತಿದ್ದಾಗ ಅವಳ ಕಣ್ಣು ಕಾಜಲಳ ಹುಬ್ಬಿನ ಮೇಲೇ ಇತ್ತು, ಏಕೆಂದರೆ ಆ ಹುಬ್ಬು ನಗುವಿಗೆ ಕುಣಿಯುತ್ತಿತ್ತು, ನೋಡಲು ಚೆಂದವಿತ್ತು. "ಮುಂದ ಎರಡು ದಿನ ತಲಿ ಬಾಚಿದಾಗೆಲ್ಲಾ ತೊಗರಿ ಬೀಳ್ತಿತ್ತು, ನಮ್ಮ ಮನಿಯವರು ಆರಿಸಿ ಬ್ಯಾಳಿ ಮಾಡ್ರಿ ಅಂದ್ರು" ಎಂದು ಮುಗಿಸಿದಾಗ ಕಾಜಲ ನಗು ತಡೆಯಲಾರದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಲಗಲ ಎಂದಿತು.

ಎಲ್ಲರೂ ಆಗ ನೋಡಿದರು. ಹನ್ನೊಂದು ಇತ್ತ, ಹನ್ನೊಂದು ಅತ್ತ. ಒಂದೂ ಹೆಚ್ಚಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅಕ್ತರಬೀಯೇ. "ಯಾವಾಗ ಇಟ್ಟೆ ನಾನು?" ಎಂದು ಮಗಳನ್ನು ಕೇಳಿದಳು. ಬಾಗಿಲ ಹತ್ತಿರ ಮಲಾರ ಹಿಡಿದು ನಿಂತಿದ್ದ ಸಾನಿಯಾ ಅಳುತ್ತಿದ್ದಳು.

ಕಾಜಲ ಎದ್ದು, ಬಳೆ ತೊಟ್ಟವರು ಮಾಡುವಂತೆ, ಬಳೆಗಾರ್ತಿಯ ಕಾಲಿಗೆ ನಮಸ್ಕಾರ ಮಾಡಿದಳು. ಅಕ್ತರಬೀ ಆಶೀರ್ವಾದಕ್ಕೆಂದು ಬಲಗೈ ಅವಳ ತಲೆಯ ಮೇಲಿಟ್ಟಳು, ಎಡಗೈಯೂ ಬಂತು. ಈ ಸಲ ಅದನ್ನು ಯಾರೂ ನೋಡಿ ನಗಲಿಲ್ಲ.

ಅವಳು ಮಲಾರ ಕಟ್ಟಲು ಹೊರಟಾಗ ಸುಂದರಬಾಯಿ ಮಣೆಯ ಮೇಲೆ ತಾನೇ ಬಂದು ಕೂತಳು. ತನ್ನ ಹಳೇ ಬಳೆಗಳನ್ನು ಮೆಲ್ಲಗೆ ತೆಗೆದಿಟ್ಟಳು. ಗಂಟು ಗಂಟಾದ, ಐವತ್ತು ವರ್ಷ ಕುರಿ ಹಾಲು ಹಿಂಡಿದ ಎರಡೂ ಕೈಯನ್ನು ಮುಂದೆ ಚಾಚಿದಳು. "ಕಾಜಲ, ಆ ಇನ್ನೊಂದು ಬಾಗಲಾನೂ ತೆಗಿಯವ್ವ" ಎಂದಳು. ಕಾಜಲ ಬಳೆ ಸದ್ದು ಮಾಡುತ್ತ ಹೋಗಿ ಅಂಗಳದ ಕಡೆಯ ಎರಡೂ ಕದ ತೆರೆದಳು. ಚಪ್ಪರದ ಕೆಳಗಿದ್ದ ವೈಜಿನಾಥ ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡೇ ಒಳಗೆ ಇಣುಕಿದ.

"ನಿಮ್ಮವ್ವ ನನಗ ಬಾಗಲಾ ಹಾಕಿ ಇಟ್ಟಿದ್ಳು" ಎಂದಳು ಸುಂದರಬಾಯಿ. "ನೀ ತಗದು ಇಡು."

ಅಕ್ತರಬೀ ಎರಡು-ಆರರ ಅಳತೆಯ ಎರಡು ಹಸಿರು ಬಳೆ ತೆಗೆದುಕೊಂಡು, ಮುದುಕಿಯ ಮುಖ ನೋಡುತ್ತ, ಎರಡೂ ಕೈಗೆ ಒಮ್ಮೆಲೇ ಏರಿಸಿದಳು.